ಹಳೆಯ ಕಂಪ್ಯೂಟರಿಗೆ ಹೊಸ ಹುರುಪು: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ



2024ರ ಬೇಸಿಗೆ ರಜೆಗೆ ಮುಂಚೆ ಒಂದು ಶಾಲೆಗೆ ಹೋಗಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಬಂದು ಕೇಳಿದಳು: “ಸರ್, ನಮ್ಮಣ್ಣನ ಕಂಪ್ಯೂಟರ್‌ನಲ್ಲಿ ಕಾರ್ ರೇಸ್ ಆಟ ನಿಂತು ನಿಂತು ಓಡುತ್ತೆ. ಅಪ್ಪ ಅದನ್ನ ಗುಜರಿಗೆ ಹಾಕ್ತಾರಂತೆ. ನನ್ನ ಹುಂಡಿಯಲ್ಲಿ 2,500 ರೂಪಾಯಿ ಇದೆ. ಅಷ್ಟರಲ್ಲಿ ರಿಪೇರಿ ಆಗುತ್ತಾ?”

ಗುಜರಿಯವರು 600 ರೂಪಾಯಿ ಕೊಡಲು ಒಪ್ಪಿದ್ದರು. ನಮಗೆ ಇದ್ದದ್ದು ಹತ್ತು ದಿನ. ನೀವಾಗಿದ್ದರೆ ಮೊದಲು ಏನನ್ನು ಕೊಳ್ಳುತ್ತಿದ್ದಿರಿ?

ಸರಿಯಾದ ಉತ್ತರ: ಏನನ್ನೂ ಅಲ್ಲ! ಮೊದಲು ಅಳೆಯಬೇಕು.

ಇಕ್ಕಟ್ಟು ಎಲ್ಲಿದೆ?

ನಿಮ್ಮ ಶಾಲೆಯ ಬಿಸಿಯೂಟವನ್ನು ನೆನಪಿಸಿಕೊಳ್ಳಿ. ಬಡಿಸುವವರು ಮೂವರು, ಕೈ ತೊಳೆಯುವ ನಲ್ಲಿ ಒಂದೇ. ಸಾಲು ಉದ್ದವಾಗಿದೆ. ಬಡಿಸಲು ಇನ್ನೂ ಇಬ್ಬರನ್ನು ಕರೆದರೆ ಸಾಲು ಕರಗುವುದೇ? ಇಲ್ಲ. ಇನ್ನೊಂದು ನಲ್ಲಿ ಹಾಕಿಸಿದರೆ ಮಾತ್ರ ಕರಗುತ್ತದೆ. ಕಂಪ್ಯೂಟರ್‌ನಲ್ಲಿಯೂ ಹೀಗೆಯೇ. ಅತ್ಯಂತ ನಿಧಾನವಾದ ಭಾಗಕ್ಕಾಗಿ ಉಳಿದೆಲ್ಲ ಭಾಗಗಳು ಕಾಯುತ್ತವೆ.

ಒಂದು ಲೆಕ್ಕ ಮಾಡೋಣ. ಒಂದು ಆಟ ತೆರೆದುಕೊಳ್ಳಲು 120 ಸೆಕೆಂಡು ಬೇಕು ಎನ್ನೋಣ. ಅದರಲ್ಲಿ 90 ಸೆಕೆಂಡು ಡಿಸ್ಕ್‌ನಿಂದ ಮಾಹಿತಿ ಬರುವುದನ್ನು ಕಾಯಲು, 30 ಸೆಕೆಂಡು ಪ್ರೊಸೆಸರ್ ಲೆಕ್ಕ ಮಾಡಲು. ಈಗ ಎರಡುಪಟ್ಟು ವೇಗದ ಪ್ರೊಸೆಸರ್ ಹಾಕಿದರೆ 90 + 15 = 105 ಸೆಕೆಂಡು. ಉಳಿದದ್ದು ಬರೀ 15 ಸೆಕೆಂಡು! ಅದರ ಬದಲು ಒಂಬತ್ತುಪಟ್ಟು ವೇಗದ ಡಿಸ್ಕ್ ಹಾಕಿದರೆ 10 + 30 = 40 ಸೆಕೆಂಡು. ಹಣ ಎಲ್ಲಿ ಸುರಿದರೆ ಲಾಭ ಎಂಬುದು ಈಗ ತಿಳಿಯಿತಲ್ಲವೆ? ಅಮೆರಿಕದ ಎಂಜಿನಿಯರ್ ಜೀನ್ ಆಮ್ಡಾಲ್ ಇಂಥದೇ ತರ್ಕವನ್ನು 1967ರಲ್ಲಿ ಮುಂದಿಟ್ಟರು. ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸಿದರೂ, ಹಂಚಲಾಗದೆ ಉಳಿದ ಕೆಲಸ ವೇಗಕ್ಕೆ ಮಿತಿ ಹಾಕುತ್ತದೆ ಎಂದು ಅವರು ತೋರಿಸಿದರು.

ಅಳತೆ ಮಾಡಿದೆವು

ಅದು 2012ರಲ್ಲಿ ಕೊಂಡ ಯಂತ್ರ. ಕೋರ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದ್ದರಿಂದ ಅಣ್ಣ ಅದನ್ನು ತೆಗೆದಿದ್ದ. ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಭಾಗವೇ ಪರದೆಯ ಚಿತ್ರಗಳನ್ನು ಬಿಡಿಸುತ್ತಿತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಅದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಆಟ ನಡೆಯುವಾಗ ಕಂಡದ್ದು ಇಷ್ಟು: ಪ್ರೊಸೆಸರ್ ಶೇ. 35, ರ‍್ಯಾಮ್ ಶೇ. 95, ಡಿಸ್ಕ್ ಶೇ. 100. ಕಳ್ಳ ಯಾರೆಂದು ನೀವೇ ಹೇಳಿ!

ಕಟ್ಟೆ ಮತ್ತು ಅಟ್ಟ

ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಆಗಲೇ ಬೇಕಾದ ಸಾಮಾನು ಇರುತ್ತದೆ. ಉಳಿದದ್ದು ಅಟ್ಟದ ಮೇಲೆ. ರ‍್ಯಾಮ್ ಎಂಬುದು ಕಟ್ಟೆ, ಹಾರ್ಡ್ ಡಿಸ್ಕ್ ಎಂಬುದು ಅಟ್ಟ. ಕಟ್ಟೆ ಚಿಕ್ಕದಾದರೆ ಏನಾಗುತ್ತದೆ? ಸಾಸಿವೆಗೊಮ್ಮೆ, ಮೆಣಸಿಗೊಮ್ಮೆ ಏಣಿ ಹತ್ತಬೇಕಾಗುತ್ತದೆ. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಕೂಡ ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸುವುದು, ಮತ್ತೆ ತರುವುದು ಮಾಡುತ್ತದೆ. ಆಟ ನಿಂತು ನಿಂತು ಓಡುವುದು ಆಗಲೇ.

ಅಟ್ಟ ಎಷ್ಟು ನಿಧಾನ? ಸಾಮಾನ್ಯ ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಸುಮಾರು 9 ಮಿಲಿಸೆಕೆಂಡು. ಒಟ್ಟು ಸುಮಾರು 13. ಹಾಗಾದರೆ ಒಂದು ಸೆಕೆಂಡಿಗೆ ಬೇರೆ ಬೇರೆ ಕಡೆಯಿಂದ 80ಕ್ಕೂ ಕಡಿಮೆ ತುಣುಕುಗಳನ್ನಷ್ಟೇ ತರಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಮಾಹಿತಿ ಚಿಪ್‌ಗಳಲ್ಲಿ ವಿದ್ಯುದಾವೇಶವಾಗಿ ಉಳಿದಿರುತ್ತದೆ. ಆದ್ದರಿಂದ ಅದು ಸೆಕೆಂಡಿಗೆ ಸಾವಿರಾರು ತುಣುಕುಗಳನ್ನು ತರಬಲ್ಲದು.

ಖರ್ಚಿಲ್ಲದ ಕೆಲಸ ಮೊದಲು

ಒಂದು: ದೂಳು. ಪೆಟ್ಟಿಗೆ ತೆರೆದಾಗ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ದಪ್ಪದ ದೂಳಿತ್ತು. ದೂಳಿನ ಪದರ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತದೆ. ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮೃದುವಾದ ಒಣ ಬ್ರಷ್‌ನಿಂದ ಗುಡಿಸಿದೆವು. ಪ್ರೊಸೆಸರಿಗೂ ಮೇಲಿನ ಲೋಹದ ಶಾಖಹಾರಕಕ್ಕೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಪುಡಿಯಾಗಿತ್ತು. ಗಾಳಿ ಉಷ್ಣದ ದುರ್ಬಲ ವಾಹಕ ಎಂದು ನೀವು ಓದಿದ್ದೀರಲ್ಲ? ನಡುವಿನ ಗಾಳಿಯ ಸಂದುಗಳನ್ನು ತುಂಬುವುದೇ ಆ ಪೇಸ್ಟಿನ ಕೆಲಸ. ಹೊಸದು ಹಚ್ಚಲು 100 ರೂಪಾಯಿ ಹಿಡಿಯಿತು.

ಎರಡು: ಚುಕ್ಕಿಗಳ ಸಂಖ್ಯೆ. ಪರದೆಯ ಚಿತ್ರ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆಗಿದೆ. 1920 × 1080 ಎಂದರೆ 20,73,600 ಚುಕ್ಕಿಗಳು. ಸೆಕೆಂಡಿಗೆ 60 ಚಿತ್ರ ಬೇಕಾದರೆ 12 ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣ ನಿರ್ಧರಿಸಬೇಕು! ಆಟದ ಸೆಟ್ಟಿಂಗ್ಸ್‌ನಲ್ಲಿ 1280 × 720 ಆರಿಸಿದರೆ ಚುಕ್ಕಿಗಳು 9,21,600ಕ್ಕೆ ಇಳಿಯುತ್ತವೆ. ಕೆಲಸ ಅರ್ಧಕ್ಕಿಂತ ಕಡಿಮೆ. ಇದು ಒಂದು ಪರೀಕ್ಷೆಯೂ ಹೌದು. ಚುಕ್ಕಿ ಇಳಿಸಿದ ಕೂಡಲೇ ಆಟ ಸರಾಗವಾದರೆ ಇಕ್ಕಟ್ಟು ಗ್ರಾಫಿಕ್ಸ್‌ನಲ್ಲಿದೆ ಎಂದರ್ಥ. ಏನೂ ಬದಲಾಗದಿದ್ದರೆ ಬೇರೆ ಕಡೆ ಹುಡುಕಬೇಕು. ನಮ್ಮ ಆಟ ಸ್ವಲ್ಪ ಸುಧಾರಿಸಿತು, ಆದರೆ ನಡುನಡುವೆ ನಿಲ್ಲುವುದು ತಪ್ಪಲಿಲ್ಲ.

ಪೇಟೆಗೆ ಎರಡು ಸಲ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಹಳೆಯ ರ‍್ಯಾಮ್ ಕಡ್ಡಿಯನ್ನು ಕೈಯಲ್ಲಿ ಹಿಡಿಯದೆ ಪೇಟೆಗೆ ಹೋದೆ. ಕೊಟ್ಟದ್ದನ್ನು ತಂದೆ. ಅದು ಡಿಡಿಆರ್4, ನಮ್ಮ ಬೋರ್ಡಿಗೆ ಬೇಕಾದದ್ದು ಡಿಡಿಆರ್3. ಎರಡರ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದು ನಡೆಯುವುದು 1.5 ವೋಲ್ಟಿನಲ್ಲಿ, ಇನ್ನೊಂದು 1.2 ವೋಲ್ಟಿನಲ್ಲಿ. ಕಚ್ಚು ಕೂಡದಿದ್ದರೆ ಒತ್ತಿ ಕೂರಿಸಬೇಡಿ. “ಇದು ನನ್ನ ಜಾಗವಲ್ಲ” ಎಂದು ಕಡ್ಡಿಯೇ ಹೇಳುತ್ತಿದೆ ಎಂದು ತಿಳಿಯಿರಿ. ಮರುದಿನ ಬಸ್ಸಿನಲ್ಲಿ ಹೋಗಿ ಬದಲಿಸಿಕೊಂಡು ಬಂದೆ. ಬಸ್ ಚಾರ್ಜು ನನ್ನದೇ!

ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ 4 ಜಿಬಿ ಕಡ್ಡಿಗೆ 450 ರೂಪಾಯಿ, 240 ಜಿಬಿಯ ಹೊಸ ಎಸ್‌ಎಸ್‌ಡಿಗೆ 1,650 ರೂಪಾಯಿ ಆಯಿತು. ಬೆಲೆಗಳು ಏರಿಳಿಯುತ್ತಲೇ ಇರುತ್ತವೆ. ನೀವು ಕೊಳ್ಳುವಾಗ ಮೂರು ಕಡೆ ವಿಚಾರಿಸಿ. ಪೇಸ್ಟ್ ಸೇರಿ ಖರ್ಚು 2,200. ಹುಂಡಿಯಲ್ಲಿ 300 ಉಳಿಯಿತು.

ಸಮನಾದ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ ಇನ್ನೊಂದು ಲಾಭವಿದೆ: ಮಾಹಿತಿ ಎರಡು ದಾರಿಗಳಲ್ಲಿ ಓಡಾಡುತ್ತದೆ. ರ‍್ಯಾಮನ್ನೇ ಹಂಚಿಕೊಳ್ಳುವ ಒಳಗಿನ ಗ್ರಾಫಿಕ್ಸ್‌ಗೆ ಇದು ಬಹಳ ನೆರವು. ಆದರೆ ನಿಮ್ಮ ವಿಂಡೋಸ್ 32 ಬಿಟ್‌ನದಾದರೆ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಹಾಕಿ ಪ್ರಯೋಜನವಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ಏಕೆ ಬೇಡವೆಂದೆವು?

ಹಣ ಸಾಲದು ಎಂಬುದು ಒಂದು ಕಾರಣ. ವಿದ್ಯುತ್ ಇನ್ನೊಂದು. ಕಾರ್ಡ್ ಕೂರುವ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈನಿಂದ ಬೇರೆ ತಂತಿ ಬೇಕು; ಹಳೆಯ ಪವರ್ ಸಪ್ಲೈ ಅದನ್ನು ತಾಳಲಾರದೆ ಹೋಗಬಹುದು. 2014ರಲ್ಲಿ ಬಂದ ಜಿಟಿಎಕ್ಸ್ 750 ಟಿಐ ಕಾರ್ಡಿನ ಬಳಕೆ 60 ವ್ಯಾಟ್. ಇಂಥ ಕಾರ್ಡ್ ಬೇರೆ ತಂತಿಯಿಲ್ಲದೆ ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುತ್ತದೆ. ಮುಂದೆ ಹಣ ಕೂಡಿದಾಗ ಅಂಥದನ್ನು ಹುಡುಕೋಣ ಎಂದೆ.

ಫಲಿತಾಂಶ

ಹಾರ್ಡ್ ಡಿಸ್ಕ್‌ನಲ್ಲಿದ್ದ ಫೋಟೋಗಳ ನಕಲು ತೆಗೆದಿಟ್ಟ ಮೇಲೆಯೇ ಎಸ್‌ಎಸ್‌ಡಿ ಜೋಡಿಸಿದೆವು. ಹುಡುಗಿ ಗಡಿಯಾರ ಹಿಡಿದು ಮೂರು ಸಲ ಅಳೆದು ಸರಾಸರಿ ಬರೆದಳು. ಮೊದಲು ಆಟ ತೆರೆಯಲು ಸರಾಸರಿ 118 ಸೆಕೆಂಡು, ಈಗ 43. ಆಟ ನಡುವೆ ನಿಲ್ಲುವುದು ಹೋಯಿತು. ಹೊಸ ದೊಡ್ಡ ಆಟಗಳು ಅದರಲ್ಲಿ ಇಂದಿಗೂ ನಡೆಯವು, ಅದೂ ನಿಜ. ಅವಳ ಅಪ್ಪ ಪುಸ್ತಕದಲ್ಲಿದ್ದ ಆ ಎರಡು ಅಂಕಿಗಳನ್ನು ನೋಡಿ, “ಹಾಗಾದರೆ ಇರಲಿ ಬಿಡಿ” ಎಂದರು. ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ಈಗ ಅಕ್ಕಪಕ್ಕದ ಮಕ್ಕಳೂ ಅದರಲ್ಲಿ ಟೈಪಿಂಗ್ ಕಲಿಯುತ್ತಾರೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಷ್ಟು ಹಳೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆಮೇಲೆ ಅವಳು ಉಚಿತವಾದ ಲಿನಕ್ಸ್ ಹಾಕಿಸಿಕೊಂಡಳು. ಸೂಪರ್‌ಟಕ್ಸ್‌ಕಾರ್ಟ್ ಎಂಬ ರೇಸ್ ಆಟವೂ ಅದಕ್ಕೆ ಉಚಿತವಾಗಿ ಸಿಗುತ್ತದೆ.

ಎಚ್ಚರಿಕೆ

• ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತಿಡಿ. ಹಿರಿಯರು ಜೊತೆಯಲ್ಲಿರಲಿ.
• ಪವರ್ ಸಪ್ಲೈ ಡಬ್ಬಿಯನ್ನು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಆವೇಶ ಉಳಿದಿರಬಹುದು.
• ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲವೆ? ಅಂಥದೇ ಸ್ಥಾಯೀ ವಿದ್ಯುತ್ ಬೆರಳಿನಿಂದ ಹರಿದು ಚಿಪ್‌ಗಳನ್ನು ಕೆಡಿಸಬಲ್ಲದು. ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಆಮೇಲೆ ಬಿಡಿಭಾಗಗಳನ್ನು ಅಂಚಿನಲ್ಲಿ ಹಿಡಿಯಿರಿ.

ಮಾಡಿ ನೋಡಿ

ಶಾಲೆಯ ಕಂಪ್ಯೂಟರ್ ಚಾಲೂ ಆಗಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಶಿಕ್ಷಕರೊಂದಿಗೆ ದೂಳು ತೆಗೆದು ಮತ್ತೆ ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ಹೇಗೆ ತಿಳಿಯುತ್ತದೆ?

ಯೋಚಿಸಿ

1. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಅರ್ಧ ಸುತ್ತಿಗೆ ಎಷ್ಟು ಮಿಲಿಸೆಕೆಂಡು?
2. ಪ್ರೊಸೆಸರ್ ಶೇ. 100, ರ‍್ಯಾಮ್ ಶೇ. 40, ಡಿಸ್ಕ್ ಶೇ. 5 ಇದ್ದರೆ ಹೊಸ ರ‍್ಯಾಮ್ ಕೊಳ್ಳುವಿರಾ? ಕಾರಣ ಕೊಡಿ.