ಹೊಳೆ ಬಂತು, ಹಂದಿ ಬಂತು

ಆಗಸ್ಟ್ ತಿಂಗಳ ಒಂದು ಸಂಜೆ. ಓದು ಬರಹದ ಪಾಠಕ್ಕೆ ಹದಿನೈದು ಜನ ಬರಬೇಕಿತ್ತು. ಆರೇ ಜನ ಬಂದಿದ್ದರು.

“ಉಳಿದವರು ಎಲ್ಲಿ?” ಎಂದು ಕೇಳಿದೆ.

“ಹೊಲಕ್ಕ ಹೋಗ್ಯಾರ ಅಕ್ಕೋರ, ಹಂದಿ ಕಾಯಾಕ. ನಿನ್ನಿ ಒಂದ ರಾತ್ರ್ಯಾಗ ನನ್ನ ಅರ್ಧ ಎಕರೆ ಶೇಂಗಾ ಕೆದರಿ ಹೋಗ್ಯಾವ” ಎಂದರು ಒಬ್ಬ ಅಜ್ಜ.

“ಹ್ವಾದ ತಿಂಗಳ ಒಂದೂ ಇರಲಿಲ್ಲ. ಈಗ ಎಲ್ಲಿಂದ ಬಂದ್ವು?” ಎಂದು ಒಬ್ಬ ತಾಯಿ ಕೇಳಿದರು.

ಒಳ್ಳೆಯ ಪ್ರಶ್ನೆ. ಅಂದಿನ ಪಾಠ ಅದೇ ಆಯಿತು.

ಕಾಡುಹಂದಿಗೆ ಮೂರು ಬೇಕು. ತಿನ್ನಲು ಗೆಡ್ಡೆ, ಬೇರು, ಹುಳು. ಹೊರಳಾಡಲು ಕೆಸರು. ಹಗಲು ಮಲಗಲು ದಟ್ಟ ಪೊದೆ. ಹಂದಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ. ಅದಕ್ಕೇ ಮೈ ತಂಪಾಗಲು ಕೆಸರು ಹುಡುಕುತ್ತದೆ. ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಹೆಣ್ಣು ಹಂದಿಗಳು ಮರಿಗಳ ಜೊತೆ ಗುಂಪಾಗಿ ತಿರುಗುತ್ತವೆ. ಒಂದು ಸೂಲಿಗೆ ಸಾಮಾನ್ಯವಾಗಿ 4ರಿಂದ 6 ಮರಿ. ಬೆಳೆದ ಗಂಡು ಒಂಟಿಯಾಗಿ ತಿರುಗುತ್ತದೆ.

ಗಂಗಾವತಿ ಕಡೆ ಈ ಮೂರೂ ಎಲ್ಲಿ ಸಿಗುತ್ತವೆ? ತುಂಗಭದ್ರೆಯ ದಂಡೆಯ ಜೊಂಡಿನಲ್ಲಿ, ಹೊಳೆಯ ಗಡ್ಡೆಗಳಲ್ಲಿ. ನೀರು ಕಡಿಮೆ ಇರುವಷ್ಟು ದಿನ ಹಂದಿ ಅಲ್ಲಿ ಸುಖವಾಗಿರುತ್ತದೆ.

ಆಮೇಲೆ ಹೊಳೆ ಬರುತ್ತದೆ. ಮುನಿರಾಬಾದಿನ ಅಣೆಕಟ್ಟಿಗೆ 33 ಗೇಟುಗಳಿವೆ. ಡ್ಯಾಮು ತುಂಬಿದರೆ ಗೇಟು ಎತ್ತುತ್ತಾರೆ. 2019ರ ಆಗಸ್ಟಿನಲ್ಲಿ ವಿರುಪಾಪುರಗಡ್ಡೆಯ ಸುತ್ತ ನೀರು ಏರಿ, ಅಲ್ಲಿದ್ದ ಪ್ರವಾಸಿಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟೇ ಕೊಚ್ಚಿ ಹೋಯಿತು. ಡ್ಯಾಮಿನ ಭಾರ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಹೊಳೆದಂಡೆಯ ಜನರಿಗೆ ಹುಷಾರಾಗಿರಿ ಎಂದು ಸಾರಿ ಹೇಳಿದರು. ಹಂದಿಗೆ ಯಾರು ಹೇಳುತ್ತಾರೆ?

“ನೀರಾಗ ಸಾಯಂಗಿಲ್ಲೇನ್ರಿ ಅವು?” ಎಂದರು ಆ ತಾಯಿ.

ಸುಲಭಕ್ಕೆ ಸಾಯುವುದಿಲ್ಲ. ಹಂದಿ ಚೆನ್ನಾಗಿ ಈಜುತ್ತದೆ. ಜಪಾನ್ ದೇಶದಲ್ಲಿ ಸಮುದ್ರ ಈಜಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುತ್ತವೆ. ಆದರೆ ಸಣ್ಣ ಮರಿಗಳು ಜೋರು ನೀರಿನಲ್ಲಿ ಉಳಿಯುವುದು ಕಷ್ಟ. ಮಲಗುವ ಜಾಗವೂ ಮುಳುಗುತ್ತದೆ. ಗುಂಪು ಎತ್ತರದ ಕಡೆ ಹೊರಡುತ್ತದೆ. ಹೊಳೆಗೂ ಗುಡ್ಡಕ್ಕೂ ನಡುವೆ ಏನಿದೆ? ನಮ್ಮ ಹೊಲ. ಕಬ್ಬು, ಗೋವಿನಜೋಳ ಆಳೆತ್ತರ ಬೆಳೆದಿದ್ದರೆ ಹಂದಿಗೆ ಗುಡ್ಡವೇ ಬೇಡ. ಊಟ, ಕೆಸರು, ಮರೆ ಮೂರೂ ಅಲ್ಲೇ ಸಿಕ್ಕವು. ನೀರು ಇಳಿದರೂ ಅದು ಬೇಗ ವಾಪಸು ಹೋಗುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯವರ ಲೆಕ್ಕ ಬೇರೆ. ಅಲ್ಲಿ ಇಂಥ ದೊಡ್ಡ ಹೊಳೆ ಇಲ್ಲ. ಹಳ್ಳದ ದಂಡೆಯ ಜಾಲಿ ಕಂಟಿಯೇ ಹಂದಿಯ ಮನೆ. ದೊಡ್ಡ ಮಳೆಗೆ ಹಳ್ಳ ಬಂದರೆ ಪಕ್ಕಕ್ಕೆ ಸರಿಯುತ್ತವೆ, ಇಳಿದ ಮೇಲೆ ತಿರುಗಿ ಬರುತ್ತವೆ. ಅಲ್ಲಿ ಬೇಸಿಗೆಯಲ್ಲೇ ಕಾಟ ಹೆಚ್ಚು ಅನ್ನಬಹುದು. ನೀರು ಹುಡುಕಿ ತೋಟಕ್ಕೆ ನುಗ್ಗುತ್ತವೆ.

“ಚಿರತಿ ಇದ್ದರ ಹಂದಿ ಓಡಿ ಹೋಗತಾವಂತ. ಖರೇನಾ?” ಅಜ್ಜ ಕೇಳಿದರು.

ಅರ್ಧ ಖರೆ. ಚಿರತೆ ಹಂದಿಯ ಮರಿಗಳನ್ನು, ಎಳೆಯ ಹಂದಿಗಳನ್ನು ಹಿಡಿಯುತ್ತದೆ. ಕೋರೆಹಲ್ಲಿನ ದೊಡ್ಡ ಗಂಡಿನ ತಂಟೆಗೆ ಹೋಗುವುದು ಕಡಿಮೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳ ಕಾಯ್ದಿಟ್ಟ ಕಾಡಿದೆ. ತೋಳಕ್ಕೂ ಹಂದಿಮರಿ ಸಿಕ್ಕರೆ ಬಿಡದು. ಹೀಗಾಗಿ ಮರಿ ಇರುವ ಹಂದಿ ಶತ್ರುವಿನ ವಾಸನೆ ಬಂದರೆ ಗುಂಪು ಬಿಗಿ ಮಾಡುತ್ತದೆ, ದಾರಿ ಬದಲಿಸುತ್ತದೆ, ಬಯಲು ಬಿಟ್ಟು ಪೊದೆ ಹಿಡಿಯುತ್ತದೆ. ಆದರೆ ಸೀಮೆ ಬಿಟ್ಟು ಹೋಗುವುದಿಲ್ಲ. ಶತ್ರುವಿಗೆ ಹೆದರಿದ ಹಂದಿ ಒಂದು ಹೊಲ ಆಚೆ ಸರಿದೀತು. ಮನೆಯನ್ನೇ ಬಿಡಿಸುವುದು ನೀರು.

ಇಲ್ಲಿ ಇನ್ನೊಂದು ಮಾತಿದೆ. ನೀರು ಹಂದಿಯನ್ನು ಮಾತ್ರ ಓಡಿಸುವುದಿಲ್ಲ. ಅಸ್ಸಾಮಿನ ಕಾಜಿರಂಗ ಕಾಡಿಗೆ ಮಳೆಗಾಲದಲ್ಲಿ ಬ್ರಹ್ಮಪುತ್ರೆಯ ನೀರು ನುಗ್ಗುತ್ತದೆ. ಆಗ ಜಿಂಕೆ, ಹಂದಿ, ಹುಲಿ ಎಲ್ಲವೂ ದೊಡ್ಡ ರಸ್ತೆ ದಾಟಿ ಗುಡ್ಡ ಹತ್ತುತ್ತವೆ. ಅಲ್ಲಿ ಲಾರಿ, ಬಸ್ಸುಗಳು ನಿಧಾನ ಹೋಗಬೇಕೆಂದು ಕಟ್ಟುನಿಟ್ಟು ಮಾಡುತ್ತಾರೆ. ನಮ್ಮಲ್ಲೂ ಹಂದಿ ಬಂದ ಕಡೆ ಅದರ ಹಿಂದೆ ಚಿರತೆ ಬರಬಹುದು. ಆನೆಗೊಂದಿ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. 2020ರಲ್ಲಿ ಆ ಭಾಗದಲ್ಲಿ ಚಿರತೆ ಒಬ್ಬ ಯುವಕನನ್ನು ಕೊಂದಿತು.

ಹಾಗಾದರೆ ಕಾಯುವುದು ಹೇಗೆ? ಹೊಳೆ ಏರಿದ ರಾತ್ರಿಯಿಂದಲೇ ಕಾಯಬೇಕು, ಶೇಂಗಾ ಕೆದರಿದ ಮೇಲಲ್ಲ. ಹೊಳೆ ಕಡೆಯ ಬದುವಿಗೆ ಕಣ್ಣಿಡಿ. ಒಬ್ಬರೇ ಹೋಗಬೇಡಿ. ನೆಲದ ಮೇಲೆ ಮಲಗಬೇಡಿ, ಅಟ್ಟ ಕಟ್ಟಿ. ಬೆಳಕು ಇರಲಿ, ಡಬ್ಬಿ ಬಾರಿಸಿ. ಹಂದಿಗೆ ಓಡಲು ದಾರಿ ಬಿಡಿ. ಗಾಯವಾದ ಹಂದಿ, ಮರಿ ಇರುವ ಹಂದಿ ಮೈಮೇಲೆ ಬರುತ್ತದೆ.

“ಅದೆಲ್ಲ ಯಾಕ ಅಕ್ಕೋರ? ಬೇಲಿಗೆ ಕರೆಂಟ್ ಬಿಟ್ಟರ ಮುಗೀತು” ಎಂದ ಒಬ್ಬ ಹುಡುಗ.

ಅಜ್ಜ ಅವನ ಕಡೆ ತಿರುಗಿದರು. “ತಮ್ಮಾ, ನಸುಕಿನ್ಯಾಗ ನೀರು ಕಟ್ಟಾಕ ಹೋಗಾಂವ ನಿಮ್ಮಪ್ಪ. ಒದ್ದಿ ನೆಲ. ತಂತಿಗೆ ಹಂದಿ ಯಾವುದು, ನಿಮ್ಮಪ್ಪ ಯಾರು ಅಂತ ಗೊತ್ತೇನು?”

ಹುಡುಗ ಸುಮ್ಮನಾದ. ಸಿಡಿಮದ್ದೂ ಹಾಗೆಯೇ, ಮೇಯುವ ಎಮ್ಮೆಯ ಬಾಯಿಗೂ ಸಿಗುತ್ತದೆ. ಬೇಲಿಗೆ ಕರೆಂಟ್ ಬಿಡುವುದು, ಅನುಮತಿ ಇಲ್ಲದೆ ಕಾಡುಹಂದಿ ಕೊಲ್ಲುವುದು ಎರಡೂ ಅಪರಾಧ.

“ಆತು, ಕೊಲ್ಲಂಗಿಲ್ಲ. ಹ್ವಾದ ಶೇಂಗಾಕ್ಕ ಯಾರು ಗತಿ?” ಅಜ್ಜನ ಈ ಮಾತಿಗೆ ಕೋಪ ಮಾಡುವಂತಿರಲಿಲ್ಲ. ಬೀಜ, ಗೊಬ್ಬರ, ಕೂಲಿ ಎಲ್ಲಾ ಸಾಲದ್ದು. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬಹುದು. ಬರುವ ಹಣ ನಷ್ಟದಷ್ಟು ಇರಲಿಕ್ಕಿಲ್ಲ. ಆದರೂ ಕೇಳಬೇಕು. ಹಾಳಾದ ಜಾಗವನ್ನು ಉಳುವ ಮೊದಲೇ ಫೋಟೋ ತೆಗೆಸಿ, ಪಹಣಿ ತೆಗೆದಿಟ್ಟುಕೊಳ್ಳಬೇಕು.

ಅಂದು ಕಪ್ಪು ಹಲಗೆಯ ಮೇಲೆ ಹೀಗೆ ಬರೆದೆವು:

ವಲಯ ಅರಣ್ಯಾಧಿಕಾರಿಗಳಿಗೆ,
ನನ್ನ ಹೆಸರು, ಊರು:
ಹೊಲದ ಸರ್ವೆ ನಂಬರು:
ಬೆಳೆ: ಶೇಂಗಾ
ಹಾಳಾದ ಜಾಗ: ಅರ್ಧ ಎಕರೆ
ಹಾಳಾದ ದಿನ:
ಹಾಳು ಮಾಡಿದ ಪ್ರಾಣಿ: ಕಾಡುಹಂದಿ
ಸ್ಥಳಕ್ಕೆ ಬಂದು ನೋಡಿ ಪರಿಹಾರ ಕೊಡಬೇಕೆಂದು ಬೇಡುತ್ತೇನೆ.
ಸಹಿ:

ಅಜ್ಜ ನೋಡಿ ನೋಡಿ ಹಾಳೆಯ ಮೇಲೆ ಇಳಿಸಿಕೊಂಡರು. ‘ಅರಣ್ಯಾಧಿಕಾರಿ’ ಎಂದು ಬರೆಯಲು ಮೂರು ಸಲ ಅಳಿಸಿದರು. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದರು. ಹಾಳೆ ಮಡಚಿ ಜೇಬಿಗಿಟ್ಟು, ಬ್ಯಾಟರಿ ಹಿಡಿದು, ಆ ಹುಡುಗನನ್ನು ಜೊತೆಗೆ ಕರೆದುಕೊಂಡು ಹೊಲದ ಕಡೆ ನಡೆದರು.