ಅಕ್ಕನ ಪಾಲಿನ ಕೆಲಸ

ಮಗಳೇ,

ನಿನ್ನ ತಮ್ಮನ ತಿಥಿ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ದಾರಿಯಲ್ಲಿ ಸಿಕ್ಕವರೆಲ್ಲ ನಿನ್ನನ್ನು ಮೊದಲು ಕೇಳುವುದು, "ಅಮ್ಮ ಹೆಂಗವ್ರೆ?" ಆಮೇಲೆ, "ಅವನ ಹೆಂಡ್ತಿ, ಮಗೀನ ಗತಿ ಏನವ್ವ?" ಅದಾದ ಮೇಲೆ ಅಪ್ಪನ ಬಿಪಿ. ನೀನು ಹೇಗಿದ್ದೀ ಎಂದು ಕೇಳುವವರು ಕಡಿಮೆ. ಅದರಲ್ಲಿ ಅವರ ಕೆಟ್ಟತನವೇನೂ ಇಲ್ಲ. ಮಗನನ್ನು ಕಳಕೊಂಡವಳು, ಗಂಡನನ್ನು ಕಳಕೊಂಡವಳು ಎದುರಿಗೇ ಕೂತಿರುವಾಗ, ಬಂದವರಿಗೆ ಕಾಫಿ ಕೊಡುತ್ತ ಓಡಾಡುವ ಅಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಶಾಸ್ತ್ರದಲ್ಲೂ ಅವಳಿಗೆ ಜಾಗವಿಲ್ಲ. ನಮ್ಮ ಮಂಡ್ಯದ ಕಡೆ ಹಾಲುತುಪ್ಪ ಬಿಡುವಾಗ ಮುಂದೆ ನಿಲ್ಲುವವರು ಬೇರೆ, ತಲೆ ಬೋಳಿಸಿಕೊಳ್ಳುವವರು ಬೇರೆ. ಕಾನೂನೂ ಹಾಗೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ಹೋದ ಗಂಡಸಿನ ಆಸ್ತಿ ಮೊದಲು ಹೆಂಡತಿಗೆ, ಮಕ್ಕಳಿಗೆ, ತಾಯಿಗೆ. ಹೆತ್ತ ಅಪ್ಪನೇ ಎರಡನೆಯ ವರ್ಗದಲ್ಲಿ ಬರುತ್ತಾನೆ. ಒಡಹುಟ್ಟಿದವರು ಅವನಿಗೂ ಹಿಂದೆ. ಬ್ಯಾಂಕಿನಲ್ಲಿ ಸತ್ತವರ ಖಾತೆ ಇತ್ಯರ್ಥ ಮಾಡುವ ಟೇಬಲ್ಲಿನ ಹಿಂದೆ ಕೂತು ನಾನು ಬಹಳ ಮನೆಗಳನ್ನು ನೋಡಿದ್ದೇನೆ. ಅತ್ತೆ, ಸೊಸೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕಾಗದದ ಕವರು ಹಿಡಿದು ಗೋಡೆಗೆ ಒರಗಿ ನಿಂತವಳು ಅಕ್ಕ ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಅವಳ ಸಹಿ ನಮಗೆ ಬೇಕಾಗುತ್ತಿರಲಿಲ್ಲ. ಆದರೆ ಯಾವ ಕಾಗದ ಎಲ್ಲಿದೆ ಎನ್ನುವುದು ಅವಳೊಬ್ಬಳಿಗೇ ಗೊತ್ತಿರುತ್ತಿತ್ತು.

ನನಗೂ ಒಬ್ಬ ತಮ್ಮನಿದ್ದ. ಎಸ್‌ಟಿಡಿ ಬೂತುಗಳ ಕಾಲದಲ್ಲೇ ಹೋದ. ಆ ಅನುಭವದಿಂದಲೇ ನಿನಗೆ ನಾಲ್ಕು ಮಾತು ಹೇಳುತ್ತಿದ್ದೇನೆ. ಎಲ್ಲವನ್ನೂ ಒಪ್ಪಬೇಕೆಂದಿಲ್ಲ.

ಮೊದಲು, ನೀನು ರಾತ್ರಿ ಹಾಕುತ್ತಿರುವ ಆ ಲೆಕ್ಕ. ಅವತ್ತು ಒಂದು ಫೋನು ಮಾಡಿದ್ದರೆ, ಊಟ ಮಾಡಿಕೊಂಡು ಹೋಗು ಎಂದಿದ್ದರೆ, ಹತ್ತು ನಿಮಿಷ ತಡವಾಗಿ ಹೊರಟಿದ್ದರೆ. ಇದು ಎಲ್ಲಿಂದ ಬರುತ್ತದೆ ಗೊತ್ತೇನು? ಬಾಣಂತಿ ಕೋಣೆಯಲ್ಲಿ ಮಗುವನ್ನು ನಿನ್ನ ತೊಡೆಯ ಮೇಲೆ ಮಲಗಿಸಿ, "ನಿನ್ ತಮ್ಮ ಕಣವ್ವ, ನೀನೇ ನೋಡ್ಕೋಬೇಕು" ಎಂದಿದ್ದರಲ್ಲ, ಅಲ್ಲಿಂದ. ಅಷ್ಟು ಸಣ್ಣ ಹುಡುಗಿಗೆ ಒಪ್ಪಿಸಿದ ಆ ಕೆಲಸವನ್ನು ಆಮೇಲೆ ಯಾರೂ ವಾಪಸ್ಸು ತೆಗೆದುಕೊಳ್ಳಲಿಲ್ಲ. ಅವನು ಮೀಸೆ ಬಿಟ್ಟ, ಕೆಲಸಕ್ಕೆ ಸೇರಿದ, ಅಪ್ಪನಾದ. ನೀನು ಮಾತ್ರ ರಸ್ತೆ ದಾಟುವಾಗ ಕೈ ಹಿಡಿಯುವ ಅಕ್ಕನಾಗಿಯೇ ಉಳಿದೆ. ಹೆದ್ದಾರಿಯಲ್ಲಿ ಅವನಿಗೆ ಗುದ್ದಿದ ಆ ಲಾರಿಗೆ ನಿನ್ನ ಫೋನು ಬ್ರೇಕ್ ಹಾಕುತ್ತಿರಲಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರ್ಕಾರದ್ದೇ ಲೆಕ್ಕ. ಅಷ್ಟು ಮನೆಗಳಲ್ಲೂ ಒಬ್ಬ ಅಕ್ಕನೋ ಅಣ್ಣನೋ ಈ ಹತ್ತು ನಿಮಿಷವನ್ನು ಕೂಡಿ ಕಳೆಯುತ್ತಿದ್ದಾರೆ. ಉತ್ತರ ಯಾರಿಗೂ ಬಂದಿಲ್ಲ.

ನೀನು ಶಂಕರ್‌ನಾಗ್ ಸಿನಿಮಾ ನೋಡಿದವಳು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾದಾಗ ಅವರಿಗೆ 35 ವಯಸ್ಸು. ಅಷ್ಟರಲ್ಲೇ 'ಮಿಂಚಿನ ಓಟ', 'ಗೀತಾ', 'ಮಾಲ್ಗುಡಿ ಡೇಸ್' ಎಲ್ಲ ಮುಗಿಸಿಬಿಟ್ಟಿದ್ದರು. 'ಆಟೋ ರಾಜ' ಬಂದದ್ದು 1980ರಲ್ಲಿ. ಇವತ್ತಿಗೂ ಆಟೋ ಹಿಂಭಾಗದಲ್ಲಿ ಅವರ ಚಿತ್ರವಿರುತ್ತದೆ, ಆ ಆಟೋ ಓಡಿಸುವ ಹುಡುಗ ಹುಟ್ಟಿರುವುದೇ ಅವರು ಹೋದ ಮೇಲೆ. ಇಡೀ ನಾಡಿಗೆ ಶಂಕರಣ್ಣ. ಅಂಥವರ ಬಗ್ಗೆ ಆರು ವರ್ಷ ದೊಡ್ಡವರಾದ ಅನಂತನಾಗ್ ಒಂದು ಪುಸ್ತಕ ಬರೆದರು. ಹೆಸರು 'ನನ್ನ ತಮ್ಮ ಶಂಕರ'. ನಟ, ನಿರ್ದೇಶಕ ಎಂಬ ಬಿರುದು ಬಾವಲಿ ಏನೂ ಇಲ್ಲದ ಹೆಸರು. ನಾಡೆಲ್ಲ ಅಣ್ಣ ಎನ್ನುವವನನ್ನು ತಮ್ಮ ಎನ್ನಲು ಆ ಮನೆಯಲ್ಲಿ ಹುಟ್ಟಿದವರಿಗೇ ಸಾಧ್ಯ. ಅದೇ ಅಪಘಾತದಲ್ಲಿ ಗಾಯಗೊಂಡು ಉಳಿದ ಹೆಂಡತಿ ಅರುಂಧತಿ ಅವರು ಹಿಡಿದ ದಾರಿ ಬೇರೆ. ನಾಟಕಕ್ಕೊಂದು ಮನೆ ಕಟ್ಟಬೇಕೆಂದು ವರ್ಷಗಟ್ಟಲೆ ಓಡಾಡಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ತೆರೆದರು. ನಾನೊಮ್ಮೆ ಹೋಗಿದ್ದೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಕ್ಯಾಂಟೀನಿನ ಸಾಬೂದಾನಿ ವಡೆಗೆ ಜನ ಸಾಲು ನಿಂತಿರುತ್ತಾರೆ. ಸತ್ತವರ ನೆನಪಿಗೆ ಕಟ್ಟಿದ್ದು ಎಂದು ಅಲ್ಲಿ ಎಲ್ಲಿಯೂ ಅನ್ನಿಸುವುದಿಲ್ಲ, ಅಷ್ಟು ಗಲಾಟೆ.

ಹೆಂಡತಿ ಮಾಡುವುದು ಬೇರೆ, ಒಡಹುಟ್ಟಿದವರು ಮಾಡುವುದು ಬೇರೆ ಎಂದು ತೋರಿಸಲು ಇದನ್ನು ಹೇಳಿದೆ. ನಿನ್ನ ನಾದಿನಿಗೆ ಗೊತ್ತಿರುವುದು ಮದುವೆಯಾದ ಮೇಲಿನ ಅವನು. ಮಗುವಿಗೆ ಅಷ್ಟೂ ಗೊತ್ತಿಲ್ಲ. ಅವನ ಗೆಳೆಯರು ಕಾಲೇಜಿನಿಂದ ಈಚೆಯವರು. ನಾಲೆಯಲ್ಲಿ ಚಪ್ಪಲಿ ಕಳಕೊಂಡು ಬಂದು ನಾಯಿ ಕಚ್ಚಿಕೊಂಡು ಹೋಯಿತು ಎಂದವನು, ಆಲೆಮನೆಯ ಬಿಸಿ ಬೆಲ್ಲಕ್ಕೆ ಕೈಯಿಟ್ಟು ಬೊಬ್ಬೆ ಎಬ್ಬಿಸಿಕೊಂಡವನು, ಅಪ್ಪನ ಕೈಗೆ ಸಿಗದಂತೆ ಮಾರ್ಕ್ಸ್ ಕಾರ್ಡನ್ನು ನಿನ್ನ ಲಂಗದ ಮಡಿಕೆಯಲ್ಲಿ ಬಚ್ಚಿಟ್ಟವನು: ಆ ಹುಡುಗನನ್ನು ಕಂಡವರು ಅಪ್ಪ, ಅಮ್ಮ, ನೀನು. ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ. ಅಲ್ಲದೆ, ಹೋದ ಮಗನ ತುಂಟತನವೆಲ್ಲ ಅವರ ಬಾಯಲ್ಲಿ ಈಗಾಗಲೇ ಒಳ್ಳೆಯ ಗುಣವಾಗಲು ಶುರುವಾಗಿದೆ. ಇನ್ನು ಸ್ವಲ್ಪ ದಿನಕ್ಕೆ ಆ ಮಾರ್ಕ್ಸ್ ಕಾರ್ಡಿನಲ್ಲಿ ಅವನಿಗೆ ಫಸ್ಟ್ ಕ್ಲಾಸೇ ಬಂದಿರುತ್ತದೆ, ನೋಡುತ್ತಿರು.

ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊ. ಪುಸ್ತಕ ಬರೆ ಎನ್ನುತ್ತಿಲ್ಲ. ನೆನಪಾದದ್ದನ್ನು ನೆನಪಾದ ಹಾಗೆ, ತಾರೀಕು ಗೀರೀಕು ಇಲ್ಲದೆ ಗೀಚಿಡು. ಅವನು ನಿನ್ನ ಹತ್ತಿರ ತೆಗೆದುಕೊಂಡು ಕೊಡದೆ ಹೋದ ದುಡ್ಡು, ನಿನ್ನ ಮದುವೆಯ ಹಿಂದಿನ ದಿನ ಆಡಿದ ಜಗಳ, ಅವನು ಹೇಳಿದ ಸುಳ್ಳುಗಳು, ಎಲ್ಲವೂ ಇರಲಿ. ಗೋಡೆಯ ಮೇಲಿನ ಫೋಟೋದಲ್ಲಿ ಸ್ಟುಡಿಯೋದವನು ಅವನಿಗೆ ಕೋಟು ಟೈ ತೊಡಿಸಿದ್ದಾನಲ್ಲ. ಬದುಕಿದ್ದಾಗ ಟೈ ಕಟ್ಟದವನು. ಆ ಫೋಟೋವನ್ನು ನೋಡಿಯೇ ಮಗು ಬೆಳೆದರೆ ಅಪ್ಪ ಎಂದರೆ ಯಾರೋ ಆಫೀಸರು ಎಂದುಕೊಳ್ಳುತ್ತದೆ. ಅಪ್ಪ ಫೇಲಾಗಿದ್ದ, ಆಮೇಲೆ ಕಟ್ಟಿ ಪಾಸು ಮಾಡಿಕೊಂಡ ಎಂದು ಅದಕ್ಕೆ ಹೇಳಬೇಕಾದವಳು ನೀನು. ಮುಂದೊಂದು ದಿನ ಆ ಮಗುವೂ ಫೇಲಾಗಬಹುದು. ಆಗ ಕೋಟು ಹಾಕಿದ ಅಪ್ಪನಿಂದ ಏನು ಪ್ರಯೋಜನ?

ಈಗ ಫೋನಿನ ಮಾತು. ಇದಕ್ಕೆ ಮಾತ್ರ ಅವಸರ ಮಾಡು. ರೀಚಾರ್ಜ್ ಇಲ್ಲದೆ, ಬಳಸದೆ ಬಿಟ್ಟ ಪ್ರಿಪೇಯ್ಡ್ ಸಿಮ್ಮನ್ನು 90 ದಿನ ದಾಟಿದ ಮೇಲೆ ಕಂಪನಿಯವರು ನಿಲ್ಲಿಸಿಬಿಡಬಹುದು. ಆಮೇಲೆ ಆ ನಂಬರು ಇನ್ಯಾರಿಗೋ ಹೋಗುತ್ತದೆ. ಒಂದು ರಾತ್ರಿ ತಡೆಯಲಾರದೆ ನೀನು ಆ ನಂಬರಿಗೆ ಒತ್ತಿ, ಆ ಕಡೆಯಿಂದ ಯಾರೋ ಗಂಡಸು "ಯಾರ್ರೀ?" ಎಂದರೆ ತಡೆದುಕೊಳ್ಳುವುದು ಕಷ್ಟ. ವಾಟ್ಸಾಪ್ ಖಾತೆಯೂ 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅವನು ನಿನಗೆ ಕಳಿಸಿದ ವಾಯ್ಸ್ ಮೆಸೇಜುಗಳು ನಿನ್ನ ಫೋನಿನಲ್ಲಿವೆ. ಫೋನು ಬದಲಾಯಿಸುವಾಗ ಅವು ಹೋಗದಂತೆ ಈಗಲೇ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡು. "ಅಕ್ಕಾ, ಬರ್ತಾ ಮೊಸರು ತತ್ತೀನಿ" ಎನ್ನುವಷ್ಟೇ ಇದ್ದರೂ ಇಡು. ನನ್ನ ತಮ್ಮನ ದನಿ ನನ್ನ ಹತ್ತಿರ ಇಲ್ಲ. ಫೋಟೋ ಇದೆ, ಅಂಗಿ ಇದೆ, ಕೈಬರಹವೂ ಇದೆ. ದನಿ ಇಲ್ಲ.

ಅವನ ಫೋನಿನ ಲಾಕು ತೆಗೆಯಲು ಬಂತೆಂದು ಒಳಗಿರುವುದನ್ನೆಲ್ಲ ಓದಲು ಕೂರಬೇಡ. ಬ್ಯಾಂಕು, ವಿಮೆ, ಸಾಲ, ಇಷ್ಟು ಹುಡುಕಿ ಫೋನನ್ನು ನಾದಿನಿಯ ಕೈಗೆ ಕೊಡು. ಅವನು ನಿನಗೆ ಹೇಳದೆ ಇಟ್ಟುಕೊಂಡದ್ದು ಅವನದಾಗಿಯೇ ಇರಲಿ.

ಬ್ಯಾಂಕಿನ ವಿಷಯ ಬಂದದ್ದರಿಂದ ಹಳೆಯ ಚಾಳಿ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ಅವನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮೇ, ಜೂನ್ ತಿಂಗಳ ಪುಟ ನೋಡು. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಸುರಕ್ಷಾ ಬಿಮಾ. ಎರಡರಲ್ಲೂ ಎರಡೆರಡು ಲಕ್ಷ, ಸುರಕ್ಷಾದ್ದು ಅಪಘಾತಕ್ಕೆ. ಮನೆಯವರಿಗೆ ಗೊತ್ತೇ ಇಲ್ಲದೆ ಎಷ್ಟೋ ದುಡ್ಡು ಹಾಗೇ ಉಳಿದುಹೋಗುತ್ತದೆ. ಪಿಎಫ್ ಇದ್ದ ಕೆಲಸವಾದರೆ ಅದರ ಜೊತೆಗಿನ ವಿಮೆ ಏಳು ಲಕ್ಷದವರೆಗೂ ಬರಬಹುದು, ಅವನ ಆಫೀಸಿನಲ್ಲಿ ಬಾಯಿಬಿಟ್ಟು ಕೇಳಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಮರಣ ಪತ್ರದಲ್ಲಿ ಅವನ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಮೊದಲ ದಿನವೇ ನೋಡು. ಒಂದು ಇನಿಷಿಯಲ್ ತಪ್ಪಿದರೆ ತಿಂಗಳುಗಟ್ಟಲೆ ಅಲೆಯುತ್ತೀರಿ.

ಮನೆ ಒಡೆಯುವುದು ನಾಮಿನಿ ವಿಷಯಕ್ಕೆ. ಮದುವೆಗೆ ಮುಂಚೆ ತೆರೆದ ಖಾತೆ, ನಾಮಿನಿ ಅಮ್ಮ, ಆಮೇಲೆ ಬದಲಾಯಿಸುವುದು ಮರೆತೇಹೋಗಿರುತ್ತದೆ. ಅಮ್ಮನ ಕೈಗೆ ದುಡ್ಡು ಬರುತ್ತದೆ, ತನ್ನದೇ ಎಂದು ಅವಳು ತಿಳಿಯುತ್ತಾಳೆ, ಸೊಸೆಯ ತವರಿನವರು ಪಂಚಾಯ್ತಿ ಸೇರಿಸುತ್ತಾರೆ. ನಾಮಿನಿ ಎಂದರೆ ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವ ಕೈ ಅಷ್ಟೇ. ಅದು ವಾರಸುದಾರರಿಗೆಲ್ಲ ಸೇರಿದ್ದು: ತಾಯಿಗೆ ಒಂದು ಪಾಲು, ಹೆಂಡತಿಗೆ ಒಂದು, ಮಗುವಿಗೆ ಒಂದು. ಈ ಮಾತನ್ನು ಸೊಸೆ ಹೇಳಿದರೆ ಆಸೆಬುರುಕಿ ಎನ್ನುತ್ತಾರೆ, ಅಳಿಯ ಹೇಳಿದರೆ ಹೊರಗಿನವನು ಎನ್ನುತ್ತಾರೆ. ಬಿಡಿಗಾಸಿನ ಪಾಲೂ ಇಲ್ಲದ ನೀನು ಹೇಳಿದರೆ ಅಮ್ಮ ಕೇಳುತ್ತಾಳೆ. ಅವತ್ತು ಕೇಳದಿದ್ದರೂ ಒಂದು ವಾರ ಬಿಟ್ಟು ಕೇಳುತ್ತಾಳೆ. ಕೌಂಟರಿನ ಆಚೆ ಬದಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ಗೋಡೆಗೆ ಒರಗಿದ್ದವಳು ಬಾಯಿ ತೆರೆದಾಗಲೇ ಜಗಳ ತಣ್ಣಗಾಗುತ್ತಿತ್ತು.

ನಾದಿನಿಯ ಬಗ್ಗೆ ಇನ್ನೊಂದು ಮಾತು. ಅವಳು ಚಿಕ್ಕವಳು. ನಾಳೆ ಬಣ್ಣದ ಸೀರೆ ಉಟ್ಟಾಳು, ಕೆಲಸಕ್ಕೆ ಹೋದಾಳು, ಇನ್ನೊಂದು ಮದುವೆಯನ್ನೂ ಆದಾಳು. ಅವಳು ನಗುವುದು ಕಂಡು ತಮ್ಮನನ್ನು ಮರೆತಳು ಎಂದು ಎಣಿಸಬೇಡ. ಅವನ ನೆನಪನ್ನು ಕಾಯುವ ಹೊರೆಯನ್ನು ಅವಳ ಹಣೆಯ ಮೇಲೆ ಹೊರಿಸುವುದು ನಮ್ಮ ಕಡೆಯ ಹಳೆಯ ಅಭ್ಯಾಸ, ಅದನ್ನು ನಿನ್ನ ಕಾಲಕ್ಕಾದರೂ ನಿಲ್ಲಿಸು.

ಹಬ್ಬಗಳು ನಿನ್ನನ್ನು ಕಾಡುತ್ತವೆ. ಭೀಮನ ಅಮಾವಾಸ್ಯೆಗೆ ಹೊಸಿಲ ಮೇಲೆ ಭಂಡಾರ ಒಡೆಯಲು ಮೊಣಕೈ ಮಡಚಿ ಕೂರುತ್ತಿದ್ದವನಿಲ್ಲ. ಪಂಚಮಿಗೆ ಬೆನ್ನಿಗೆ ಹಾಲು ಹಚ್ಚಿಸಿಕೊಂಡು "ತಣ್ಣಗೈತೆ ಕಣೇ" ಎಂದು ಚೀರುತ್ತಿದ್ದವನಿಲ್ಲ. ಮೊದಲ ವರ್ಷ ಏನೂ ಮಾಡಬೇಡ, ಮಲಗಿಬಿಡು, ತಪ್ಪಿಲ್ಲ. ಎರಡನೆಯ ವರ್ಷ ಅವನ ಮಗುವನ್ನು ಹೊಸಿಲ ಮೇಲೆ ಕೂರಿಸು. ಹೆಣ್ಣುಮಗು ಒಡೆಯಬಾರದು ಎಂದು ಯಾರಾದರೂ ಅಂದರೆ ಕೇಳಿಸಲಿಲ್ಲ ಎನ್ನು. ನಾನಂತೂ ಹಾಗೇ ಮಾಡಿದೆ.

ಅವನು ಅಲ್ಲೇ ನಿಂತುಬಿಡುತ್ತಾನೆ, ನೀನು ಮುಂದೆ ಹೋಗುತ್ತೀ ಎನ್ನುವುದಕ್ಕೂ ಸಿದ್ಧಳಾಗಿರು. ನಿನ್ನ ತಲೆ ನರೆಯುತ್ತದೆ, ಅವನ ಮೀಸೆ ಕಪ್ಪಗೇ ಇರುತ್ತದೆ. ಒಂದು ದಿನ ನಿನ್ನ ಮಗನಿಗೆ ಅವನಿಗಿಂತ ಹೆಚ್ಚು ವಯಸ್ಸಾಗುತ್ತದೆ. ನನಗೆ ಆದದ್ದು ಹಾಗೆ. ಮಗನ ಹುಟ್ಟುಹಬ್ಬಕ್ಕೆ ಪಾಯಸ ಕಲಕುತ್ತಿದ್ದಾಗ ಲೆಕ್ಕ ಹೊಳೆದು ಕೈ ನಿಂತಿತು. ಸೊಸೆ ಯಾಕತ್ತೆ ಎಂದಳು. ಸಕ್ಕರೆ ಹಾಕಿದೆನೋ ಇಲ್ಲವೋ ಎಂದೆ.

ನಮ್ಮ ಹಿರಿಯರ ಪದ್ಧತಿಗಳಲ್ಲಿ ಎಲ್ಲವನ್ನೂ ನಾನು ಮೆಚ್ಚುವುದಿಲ್ಲ, ಆದರೆ ಮಾರ್ನಮಿಗೆ ಎಡೆ ಇಡುವುದನ್ನು ಮೆಚ್ಚುತ್ತೇನೆ. ಪಿತೃಪಕ್ಷದಲ್ಲಿ ಬೇರೆಯವರು ಎಳ್ಳು ನೀರು ಬಿಟ್ಟರೆ, ನಮ್ಮ ಮನೆಗಳಲ್ಲಿ ಬಾಳೆಎಲೆ ಹಾಸಿ ಸತ್ತವರು ಏನು ತಿನ್ನುತ್ತಿದ್ದರೋ ಅದನ್ನೇ ಬಡಿಸುತ್ತಾರೆ. ಮಾಂಸದ ಸಾರು, ಮುದ್ದೆ, ಹೊಸ ಬಟ್ಟೆ. ಡಾಕ್ಟರು ಬೇಡವೆಂದಿದ್ದ ಬೀಡಿ ಕಟ್ಟು. ಕುಡಿಯುತ್ತಿದ್ದವರಾದರೆ ಮಗ್ಗುಲಿಗೊಂದು ಕ್ವಾರ್ಟರ್ ಬಾಟಲಿ. ಅಲ್ಲಿ ಯಾರೂ ಸತ್ತವರನ್ನು ದೇವರು ಮಾಡಲು ಹೋಗುವುದಿಲ್ಲ, ಇದ್ದ ಹಾಗೇ ಕರೆದು ಕೂರಿಸುತ್ತಾರೆ. ಒಂದು ವಿಚಿತ್ರ ನಿನಗೂ ಎದುರಾಗುತ್ತದೆ: ಹಬ್ಬಕ್ಕೆ ನಿನ್ನ ಕಾಲಿಗೆ ಬೀಳುತ್ತಿದ್ದವನ ಎಡೆಗೆ ನೀನು ಕೈ ಮುಗಿಯಬೇಕು. ಮೊದಲ ಸಲ ನನಗೆ ನಗು ಬಂತು, ನಿಜವಾಗಿಯೂ. ಅವನಿದ್ದಿದ್ದರೆ ಆಶೀರ್ವಾದಕ್ಕೆ ಕೈ ಎತ್ತಿ ನನ್ನನ್ನು ಗೋಳು ಹುಯ್ದುಕೊಳ್ಳುತ್ತಿದ್ದ.

ಎಡೆಗೆ ಏನು ಮಾಡಬೇಕೆಂದು ಅಮ್ಮನನ್ನೊಬ್ಬಳನ್ನೇ ಕೇಳಬೇಡ. ಅವಳು ನಾಟಿಕೋಳಿ ಎನ್ನುತ್ತಾಳೆ, ನೀನು ಒಬ್ಬಟ್ಟು ಎನ್ನುತ್ತೀ. ನಾದಿನಿಯನ್ನೂ ಕೇಳು. ಬೆಂಗಳೂರಿನಲ್ಲಿ ಅವರಿಬ್ಬರೇ ಇದ್ದಾಗ ದಿನಾ ರಾತ್ರಿ ತಳ್ಳುಗಾಡಿಯ ಗೋಬಿ ಮಂಚೂರಿ ತಿನ್ನುತ್ತಿದ್ದರು ಎಂದು ಅವಳು ಹೇಳಬಹುದು. ಅಮ್ಮ ಮುಖ ಸಿಂಡರಿಸುತ್ತಾಳೆ. ಮೂರನ್ನೂ ಬಡಿಸಿ.