ಕುರುಹಿನಿಂದ ಅರಿವು

ಕಣ್ಣಿಗೆ ಗೋಚರಿಸದುದನ್ನು ಕುರುಹಿನಿಂದ ತಿಳಿಯುವುದೇ ಅನುಮಾನ ಪ್ರಮಾಣ. ತುಂಬಿ ಹರಿಯುವ ನದಿಯನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ಅರಿಯುವುದನ್ನು ವಾತ್ಸ್ಯಾಯನನ ನ್ಯಾಯಭಾಷ್ಯವು ‘ಶೇಷವತ್’ ಅನುಮಾನಕ್ಕೆ ನಿದರ್ಶನವಾಗಿ ಹೇಳುತ್ತದೆ. ತುಂಗಭದ್ರೆಯ ದಡದ ಸಿರುಗುಪ್ಪದವರಿಗೆ ಇದು ಬರಿಯ ಗ್ರಂಥದ ಮಾತಲ್ಲ.

ನಮ್ಮ ಭತ್ತದ ಗದ್ದೆಗಳಿಗೆ ನೀರು ಬರುವುದು ಹೊಸಪೇಟೆಯ ಬಳಿಯ ಜಲಾಶಯದಿಂದ. ಗೇಟುಗಳನ್ನು ಎಷ್ಟು ಎತ್ತಬೇಕೆಂದು ನಿಶ್ಚಯಿಸಲು ಒಳಹರಿವು ತಿಳಿದಿರಬೇಕು. ಆದರೆ ನದಿಯೊಡನೆ ಬಂದು ಸೇರುವ ಹಳ್ಳಕೊಳ್ಳಗಳಿಗೆಲ್ಲ ಮಾಪಕವನ್ನಿಡಲಾಗದು. ಆದ್ದರಿಂದ ನೀರಿನ ಮಟ್ಟವನ್ನು ಅಳೆದು, ಕೋಷ್ಟಕದಿಂದ ಸಂಗ್ರಹವನ್ನು ತಿಳಿದು, ಲೆಕ್ಕ ಹಾಕುತ್ತಾರೆ. ಸಂಗ್ರಹದ ಹೆಚ್ಚಳ, ಹೊರಬಿಟ್ಟ ನೀರು, ಆವಿಯಾದ ನೀರು, ಇವುಗಳ ಮೊತ್ತವೇ ಒಳಹರಿವು. ಒಂದು ದಿನದಲ್ಲಿ ಸಂಗ್ರಹವು 2 ಟಿ.ಎಂ.ಸಿ. ಏರಿ, ಹೊರಹೋದದ್ದು ಆವಿಯೂ ಸೇರಿ 1 ಟಿ.ಎಂ.ಸಿ. ಎಂದಿಟ್ಟುಕೊಳ್ಳೋಣ. ಒಳಬಂದದ್ದು 3 ಟಿ.ಎಂ.ಸಿ.; ಅಂದರೆ ಸರಾಸರಿ ಸುಮಾರು 34,700 ಕ್ಯೂಸೆಕ್. ಯಾರೂ ನೇರವಾಗಿ ಅಳೆಯದ ಪ್ರಮಾಣ ಹೀಗೆ ಕೈಗೆ ಸಿಕ್ಕಿತು.

ಯಂತ್ರಗಳ ನಿಯಂತ್ರಣದಲ್ಲಿ ಈ ವಿಧಾನ ಇನ್ನಷ್ಟು ಸೂಕ್ಷ್ಮವಾಗಿದೆ. 1960ರಲ್ಲಿ ಕಾಲ್ಮನ್, 1964ರಲ್ಲಿ ಲ್ಯೂಯೆನ್‌ಬರ್ಗರ್ ಇದರ ಗಣಿತವನ್ನು ರೂಪಿಸಿದರು. ಯಂತ್ರದ ಜೊತೆಜೊತೆಗೇ ಅದರ ಗಣಿತದ ಪ್ರತಿಬಿಂಬವೊಂದನ್ನು ನಡೆಸಲಾಗುತ್ತದೆ. ಎರಡಕ್ಕೂ ಒಂದೇ ಆಜ್ಞೆ. ಪ್ರತಿಬಿಂಬವು ಮುನ್ಸೂಚಿಸಿದ ಅಳತೆಗೂ ಯಂತ್ರದಲ್ಲಿ ಕಂಡ ಅಳತೆಗೂ ವ್ಯತ್ಯಾಸ ಬಂದರೆ, ಅದಕ್ಕೆ ತಕ್ಕಂತೆ ಪ್ರತಿಬಿಂಬವನ್ನು ತಿದ್ದಲಾಗುತ್ತದೆ. ಹೀಗೆ ತಿದ್ದುತ್ತ ಹೋದಂತೆ, ಅಳೆಯದ ಪ್ರಮಾಣವೂ ಅದರಲ್ಲಿ ನಿಜಕ್ಕೆ ಸಮೀಪವಾಗುತ್ತದೆ. ವೇಗಮಾಪಕವಿಲ್ಲದೆಯೇ ವಿದ್ಯುತ್ ಮೋಟಾರಿನ ವೇಗವನ್ನು ಅದರ ಕರೆಂಟು, ವೋಲ್ಟೇಜುಗಳಿಂದ ತಿಳಿಯುವುದು ಹೀಗೆಯೇ. ಆದರೆ ಒಂದು ನಿಯಮವುಂಟು: ಕಾಣದುದರ ಕುರುಹು ಕಾಣುವುದರಲ್ಲಿ ಬಿದ್ದಿರಲೇಬೇಕು.

ಕುರುಹೂ ದಾರಿ ತಪ್ಪಿಸಬಲ್ಲುದು. ಅಡ್ಡಗಟ್ಟಿದಾಗಲೂ ನದಿ ತುಂಬಿ ಕಾಣುವುದಲ್ಲವೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರಗಳೇ ಎತ್ತಿವೆ. ಬರಿಯ ತುಂಬುವಿಕೆ ಸಾಲದು; ಹರಿವಿನ ರಭಸ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳನ್ನೂ ನೋಡಬೇಕೆಂಬುದು ಭಾಷ್ಯದ ಸಮಾಧಾನ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆಗ ಕೆಳಗಿನ ನದಿಗೆ ನೀರು ನುಗ್ಗಿದ್ದಕ್ಕೆ ಕಾರಣ ಮುರಿದ ಗೇಟು. ಮಳೆಯೆಂದು ಊಹಿಸಿದವನು ಎಡವುತ್ತಿದ್ದನು.

ಆಧಾರದ ಕೋಷ್ಟಕವೂ ಹಳತಾಗಬಾರದು. ಮೊದಲಿಗೆ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ, ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಹಳೆಯ ಕೋಷ್ಟಕವನ್ನು ನಂಬಿದರೆ ಇಲ್ಲದ ನೀರು ಲೆಕ್ಕದಲ್ಲಿ ಇದ್ದಂತಾಗುತ್ತದೆ. ಎರಡನೆಯ ಬೆಳೆಯನ್ನು ನಂಬಿ ನಾಟಿ ಮಾಡಿದ ರೈತನ ಗದ್ದೆ ತೆನೆ ಕಟ್ಟುವ ಹೊತ್ತಿಗೆ ಒಣಗುತ್ತದೆ.

ಕುರುಹನ್ನು ಹಿಡಿದು ಅರಿವಿಗೆ ನಡೆಯಬೇಕು. ಅರಿವನ್ನು ಮತ್ತೆ ಮತ್ತೆ ನಿಜದ ಒರೆಗೆ ಹಚ್ಚಿ ತಿದ್ದಿಕೊಳ್ಳಬೇಕು. ಯಂತ್ರಕ್ಕೂ ವಿದ್ಯಾರ್ಥಿಗೂ ಪಾಠ ಒಂದೇ.